ನಾಲ್ಕು ತಾಲ್ಲೂಕಿಗೆ ಒಂದೇ ರಿಮೋಟು

ಅವರು ಈ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯ ಚಿತ್ರವನ್ನು ಯಾರೋ ನನ್ನ ಮೊಬೈಲಿಗೆ ಕಳಿಸಿದ್ದರು. ಕೊರಳಲ್ಲಿ ಹಾರಗಳು ಹೆಚ್ಚಾಗಿ ತಲೆ ಮುಂದಕ್ಕೆ ಬಾಗಿತ್ತು. ಅದರ ಕೆಳಗೆ ಒಬ್ಬರು, ಎಂಥ ವಿನಯ ಎಂದು ಬರೆದಿದ್ದರು. ವಿನಯಕ್ಕೂ ಭಾರಕ್ಕೂ ವ್ಯತ್ಯಾಸ ತಿಳಿಯದ ಜನರ ನಡುವೆ ಅವರು ತಮ್ಮ ಸೇವಾವಧಿಯನ್ನು ಸುಖವಾಗಿ ಮುಗಿಸಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಪುಟವನ್ನೂ ಕತ್ತರಿಸಿ, ಚೌಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿಯಾರು. ಒಳಗೇನಿದೆ ಎಂದು ಓದುವ ಅಭ್ಯಾಸ ಅವರಿಗಿಲ್ಲ. ಬಹುವಚನದಲ್ಲಿಯೇ ಬರೆಯುತ್ತೇನೆ. ಅದು ನಾನು ಕಲಿತ ಶಿಸ್ತು, ಅವರು ಗಳಿಸಿದ ಗೌರವವಲ್ಲ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ವಯಂನಿವೃತ್ತಿ ಪಡೆದು ಕೆಲವು ವರ್ಷಗಳಾದವು. ಕ್ರಿಯಾಪದವಿಲ್ಲದ ವಾಕ್ಯವನ್ನು ನಾನು ಮಕ್ಕಳಿಂದ ಸ್ವೀಕರಿಸುತ್ತಿರಲಿಲ್ಲ. ‘ಮುಗಿಸು’ ಎಂದು ನಿಲ್ಲಿಸಿ, ಅವರು ಮುಗಿಸುವವರೆಗೆ ಕಾಯುತ್ತಿದ್ದೆ. ಅಂಥವಳ ಪಕ್ಕದ ಕುರ್ಚಿಗೆ ವರ್ಗಾವಣೆಯ ಆದೇಶವು ಅವರನ್ನು ತಂದು ಕೂರಿಸಿತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಮೂರೂ ತಾಲ್ಲೂಕುಗಳ ಶಾಲೆಗಳನ್ನು ಸುತ್ತಿ, ಇಂಡಿ ತಾಲ್ಲೂಕಿನ ನಮ್ಮ ಶಾಲೆಗೆ ಅವರು ವಿಜ್ಞಾನ ಶಿಕ್ಷಕರಾಗಿ ಬಂದರು. ಬರುವ ಮೊದಲೇ ಕೀರ್ತಿ ಬಂದಿತ್ತು: ದೊಡ್ಡ ತಲೆಯ ಮನುಷ್ಯ, ಏನು ಬೇಕಾದರೂ ಮಾಡಬಲ್ಲರು.

ಅವರ ಮಾತಿನಲ್ಲಿ ವಾಕ್ಯಗಳು ಆರಂಭವಾಗುತ್ತಿದ್ದವು, ಮುಗಿಯುತ್ತಿರಲಿಲ್ಲ. ‘ಅದೇನೈತಲ್ರಿ, ಕರೆಂಟ್ ಏನೈತಿ, ಹಿಂಗ ಬಂದು…’ ಎಂದು ಗಾಳಿಯಲ್ಲಿ ಬೆರಳಿನಿಂದ ಒಂದು ಸೊನ್ನೆ ಬರೆದು, ‘ಆತಲ್ಲ?’ ಎನ್ನುತ್ತಿದ್ದರು. ಮಕ್ಕಳು ಒಂದೇ ದನಿಯಲ್ಲಿ ‘ಹೌದ್ರಿ ಸರ್’ ಎನ್ನುತ್ತಿದ್ದರು. ಓಮನ ನಿಯಮದಿಂದ ಹಿಡಿದು ಗ್ರಹಣದವರೆಗೆ ಎಲ್ಲ ಪಾಠಗಳೂ ಆ ಸೊನ್ನೆಯಲ್ಲಿಯೇ ಮುಗಿದವು. ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಟೆಸ್ಟರ್ ಇರುತ್ತಿತ್ತು. ಹಾಜರಿಗೆ ಸಹಿ ಮಾಡಲು ನನ್ನ ಪೆನ್ನನ್ನು ಕೇಳಿ ಪಡೆಯುತ್ತಿದ್ದರು ಮತ್ತು ಮುಚ್ಚಳವಿಲ್ಲದೆ ಮರಳಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಶಿಕ್ಷಕರ ಕೊಠಡಿಯ ಫ್ಯಾನು ನಿಂತುಹೋಯಿತು. ಅವರು ಮೇಜಿನ ಮೇಲೆ ಕುರ್ಚಿಯನ್ನಿಟ್ಟು ಹತ್ತಿ, ನಮಗೆ ಬೆನ್ನು ತಿರುಗಿಸಿ, ಏನನ್ನೋ ಬಿಚ್ಚಿ ಏನನ್ನೋ ಕಟ್ಟಿದರು. ಫ್ಯಾನು ತಿರುಗಿತು, ಆದರೆ ತಿರುವುಮುರುವಾಗಿ. ಗಾಳಿ ನಮ್ಮ ಕಡೆಗೆ ಬರುವ ಬದಲು ಮೇಲಕ್ಕೆ ಹೋಗಿ, ಛಾವಣಿಯ ಮೂಲೆಯ ಜೇಡನ ಬಲೆ ಹಾಯಾಗಿ ಅಲ್ಲಾಡತೊಡಗಿತು. ನಾನು ಅದನ್ನು ಬೆರಳು ಮಾಡಿ ತೋರಿಸಿದೆ.

‘ತಿರಗತೈತಿಲ್ಲೊ ಅಕ್ಕೋರ? ನಡೀತೈತಿ ಬಿಡ್ರಿ,’ ಅಂದರು.

ಅವರ ಇಡೀ ಸೇವೆ ಆ ಒಂದು ಪದದ ಮೇಲೆ ನಿಂತಿತ್ತು. ‘ಸರಿಯಾಗಿದೆಯೇ’ ಎಂಬ ಪ್ರಶ್ನೆಗೆ ಅವರು ಉತ್ತರ ಕೊಟ್ಟಿದ್ದನ್ನು ನಾನು ಎಂದೂ ಕೇಳಿಲ್ಲ. ಪ್ರಶ್ನೆಯನ್ನೇ ತಮಗೆ ಬೇಕಾದಂತೆ ಬದಲಿಸಿಕೊಂಡು ‘ನಡೀತೈತಿ’ ಎನ್ನುತ್ತಿದ್ದರು. ನಾನು ಒತ್ತಿ ಕೇಳಿದರೆ, ಪಂಡಿತರಿಗೆ ಎಲ್ಲದರಾಗೂ ತಪ್ಪ ಕಾಣ್ತಾವ ಎಂದು ಉಳಿದವರ ಕಡೆಗೆ ಕಣ್ಣು ಹೊಡೆಯುತ್ತಿದ್ದರು. ಉಳಿದವರು ನಗುತ್ತಿದ್ದರು. ಆ ಬೇಸಿಗೆಯನ್ನು ನಾವು ಛಾವಣಿಯನ್ನು ತಂಪುಮಾಡುತ್ತ ಕಳೆದೆವು.

ಅವರಿಗೆ ಹಣದ ಆಸೆ ಇರಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅವರ ಆಸೆ ಶಾಲಿನದು. ನಮ್ಮ ಕಡೆ ಯಾವ ಸಮಾರಂಭವೂ ಸತ್ಕಾರವಿಲ್ಲದೆ ಮುಗಿಯುವುದಿಲ್ಲ. ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟ ಮೇಲೆಯೇ ಊಟದ ಮಾತು. ಹೆಸರು ಕೂಗುವ ಮೊದಲೇ ಅವರ ಹೆಗಲು ಮುಂದಕ್ಕೆ ಬಂದಿರುತ್ತಿತ್ತು. ಮನೆಯಲ್ಲಿ ಶಾಲುಗಳಿಗೆಂದೇ ಒಂದು ಕಪಾಟು ಇದೆಯೆಂದು ಅವರ ಹೆಂಡತಿ ಒಮ್ಮೆ ನನಗೆ ಹೇಳಿದರು. ಹೆಮ್ಮೆಯಿಂದ ಹೇಳಿದ್ದಲ್ಲ. ‘ಚಳಿಗಾಲದಾಗೂ ಒಂದು ಹೊಚ್ಚಗೊಳ್ಳಾಕ ಕೊಡಂಗಿಲ್ರಿ,’ ಅಂದರು.

ಇನ್ನು ಕಪ್ಪು ಟೇಪಿನ ವಿಚಾರ. ಅವರು ಮಾಡಿದ ಯಾವ ಯಂತ್ರದ ಹೊಟ್ಟೆಯನ್ನೂ ಯಾರೂ ಕಂಡವರಲ್ಲ. ಮುಚ್ಚಳ ಹಾಕಿದ ಮರುಕ್ಷಣವೇ ಅದಕ್ಕೆ ಟೇಪು ಸುತ್ತುತ್ತಿದ್ದರು. ಟೇಪಿನ ಮೇಲೆ ಒದ್ದೆ ವಿಭೂತಿಯ ಮೂರು ಗೆರೆ, ಸ್ಕ್ರೂಗಳ ತಲೆಯ ಮೇಲೆ ಕುಂಕುಮ. ಖಂಡೇನವಮಿಗೆ ಆಯುಧಗಳನ್ನು ಪೂಜಿಸುವುದು ನಮ್ಮಲ್ಲಿ ಎಲ್ಲರ ಪದ್ಧತಿ. ಅವರಿಗೆ ವರ್ಷವೆಲ್ಲ ಖಂಡೇನವಮಿ. ಬಿಚ್ಚಿ ತೋರಿಸಿರಿ ಎಂದರೆ, ಪೂಜೆಯಾದ ವಸ್ತುವನ್ನು ಬಿಚ್ಚಬಾರದು ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ವಿಜ್ಞಾನ ಕಲಿಸುವ ಮನುಷ್ಯ ಪೂಜೆಯನ್ನು ಬೀಗದಂತೆ ಬಳಸುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ವರ್ಷ ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಬಂದಾಗ, ತಂತಿಯಿಲ್ಲದ ರಿಮೋಟಿನಿಂದ ಓಡುವ ಮಾದರಿ ಕಾರನ್ನು ತಾವು ಮನೆಯಲ್ಲಿಯೇ ವಿನ್ಯಾಸ ಮಾಡಿರುವುದಾಗಿ ಸಾರಿದರು. ಇಂಥ ರಿಮೋಟು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ ಎಂದರು. ನಿಜ ಸಂಗತಿ ಏನೆಂದರೆ, ಒಳಗಿನ ಭಾಗಗಳೆಲ್ಲ ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಒಂದೇ ಪೊಟ್ಟಣದಲ್ಲಿ ಸಿಗುತ್ತಿದ್ದವು. ಅಂಗಡಿಯವನು ತೋರಿಸಿದ ಚಿತ್ರವನ್ನು ನೋಡಿ ಅವರು ಬೆಸುಗೆ ಹಾಕಿದ್ದರು. ಬೆಸುಗೆ ಹಾಕುವುದೂ ಸಣ್ಣ ಕೆಲಸವಲ್ಲ, ಒಪ್ಪುತ್ತೇನೆ. ಹಾಗೆಂದು ಹೇಳಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇನ್ನೊಂದು ಸಂಗತಿ ನಮಗೆ ಆಮೇಲೆ ತಿಳಿಯಿತು. ಅವರು ತಂದದ್ದು ಒಂದು ಪೊಟ್ಟಣವಲ್ಲ, ನಾಲ್ಕು. ತಾವು ಹಿಂದೆ ಕೆಲಸ ಮಾಡಿದ್ದ ಮೂರೂ ತಾಲ್ಲೂಕುಗಳ ಶಾಲೆಗಳಿಗೆ ಭಾನುವಾರ ಭಾನುವಾರ ಬೈಕಿನಲ್ಲಿ ಹೋಗಿ, ಒಂದೊಂದು ಕಾರು, ಪ್ಲಾಸ್ಟಿಕ್ ಪೆಟ್ಟಿಗೆಯ ಒಂದೊಂದು ರಿಮೋಟು ಕೊಟ್ಟು, ‘ಹುಡುಗ್ರು ಮಾಡ್ಯಾರಂತ ತೋರಿಸ್ರಿ’ ಎಂದು ಹೇಳಿ, ಒಂದೊಂದು ಶಾಲು ಹೊದಿಸಿಕೊಂಡು ಬಂದಿದ್ದರು.

ಪ್ರದರ್ಶನದ ಮೇಜಿನ ಹಿಂದೆ ವಿದ್ಯಾರ್ಥಿಯೇ ನಿಲ್ಲಬೇಕೆಂಬುದು ನಿಯಮ. ನಮ್ಮಲ್ಲಿ ಅವರು ಆರಿಸಿದ್ದು ಹತ್ತನೆಯ ತರಗತಿಯ ರೇಣುಕಾಳನ್ನು. ಲಚ್ಯಾಣದ ಕಡೆಯ ಹುಡುಗಿ, ಕುರಿ ಕಾಯುವ ಮನೆತನ. ಕಡಿಮೆ ಮಾತಿನವಳು, ಆದರೆ ಆಡಿದ ಮಾತು ಪೂರ್ತಿಯಾಗಿರುತ್ತಿತ್ತು. ನನಗೆ ಅವಳ ಮೇಲೆ ಅಭಿಮಾನವಿತ್ತು. ಸುಮ್ಮನಿರುವ ಹುಡುಗಿ ಎಂದೇ ಅವರು ಅವಳನ್ನು ಆರಿಸಿದ್ದು. ಅಲ್ಲಿ ಹೇಳಬೇಕಾದ ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿಸಲು ಕೂತರು: ಈ ರಿಮೋಟನ್ನು ನಾನೇ ಮಾಡಿದ್ದೇನೆ.

‘ನಾ ಮಾಡಿಲ್ಲಲ್ರಿ ಸರ್,’ ಅಂದಳು ಅವಳು.

‘ಅನ್ನಾಕೇನ ರೊಕ್ಕ ಬೀಳ್ತಾವನ?’

ಅವಳು ಅಂದು ಮಧ್ಯಾಹ್ನ ನನ್ನ ಬಳಿಗೆ ಬಂದು, ಆ ಮಾತನ್ನು ಸುಳ್ಳಾಗಿ ಹೇಳಲು ತನಗೆ ಮನಸ್ಸಿಲ್ಲವೆಂದೂ, ಹೇಳಲೇಬೇಕೆಂದಾದರೆ ಅದನ್ನು ನಿಜ ಮಾಡಿಕೊಂಡು ಹೇಳುವೆನೆಂದೂ ತಿಳಿಸಿದಳು. ಪ್ರಯೋಗಶಾಲೆಯಲ್ಲಿ ನಾನು ಜೊತೆಗಿದ್ದರೆ ಸಾಕೆಂದಳು. ಚಪ್ಪಲಿಯನ್ನು ಹೊರಗೆ ಬಿಟ್ಟು, ರಿಮೋಟಿಗೆ ಕೈ ಮುಗಿದು, ಒದ್ದೆ ಬಟ್ಟೆಯಿಂದ ವಿಭೂತಿಯನ್ನು ಒರೆಸಿ, ಟೇಪು ಬಿಡಿಸಿದಳು. ದೇವರಿಗೆ ಕೊಡಬೇಕಾದದ್ದನ್ನು ಕೊಟ್ಟು, ಸ್ಕ್ರೂ ಬಿಚ್ಚಿದಳು.

ನಮ್ಮದು ಇನ್ನಷ್ಟು ಗಟ್ಟಿಯಾಗಿರಲಿ ಎಂದು ಅವರು ರಿಮೋಟನ್ನು ಸ್ಟೀಲಿನ ಊಟದ ಡಬ್ಬಿಯೊಳಗೆ ಕೂರಿಸಿದ್ದರು. ಕಾರು ಕೈಯಳತೆ ದಾಟಿದ ಕೂಡಲೇ ನಿಂತುಬಿಡುತ್ತಿತ್ತು, ಅವರು ಬ್ಯಾಟರಿಯನ್ನು ಬೈಯುತ್ತಿದ್ದರು. ಮೊಬೈಲನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಿದರೆ ಕರೆ ತಲುಪದಿರುವುದನ್ನು ರೇಣುಕಾ ಮನೆಯಲ್ಲಿ ಕಂಡಿದ್ದಳು. ಎಲ್ಲವನ್ನೂ ಪ್ಲಾಸ್ಟಿಕ್ಕಿನ ಸಾಬೂನು ಪೆಟ್ಟಿಗೆಗೆ ವರ್ಗಾಯಿಸಿದಳು. ನಾಲ್ಕು ಗುಂಡಿಗಳನ್ನು ಒತ್ತುವಾಗ ಬೆರಳುಗಳು ತಡವರಿಸುತ್ತಿದ್ದವು. ಸೈಕಲ್ಲಿನ ಕಡ್ಡಿ, ರೀಫಿಲ್ಲಿನ ಸ್ಪ್ರಿಂಗುಗಳಿಂದ ಎರಡು ಸನ್ನೆಕೋಲುಗಳನ್ನು ಮಾಡಿದಳು, ಎಡಗೈಯದು ತಿರುಗಿಸಲು, ಬಲಗೈಯದು ಮುಂದೆ ಹಿಂದೆ ನಡೆಸಲು. ಗೇಣಿಗಿಂತ ತುಸು ಕಡಿಮೆ ಉದ್ದದ ತಾಮ್ರದ ತಂತಿಯನ್ನು ಹೊರಗೆ ನಿಲ್ಲಿಸಿದಳು. ಇದನ್ನೆಲ್ಲ ಅವಳು ನನ್ನ ಮೊಬೈಲಿನಲ್ಲಿ ಹುಡುಕಿ ಓದುತ್ತಿದ್ದಳು. ಇಂಗ್ಲಿಷ್ ಪದ ಅಡ್ಡ ಬಂದಾಗ ಇಬ್ಬರೂ ನಿಘಂಟು ನೋಡುತ್ತಿದ್ದೆವು. ಕಾರು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂತು.

ಆಗ ಅವಳಿಗೆ ಇನ್ನೊಂದು ಸಂಗತಿ ಕಂಡಿತು. ರಿಮೋಟಿನ ಮುಖ್ಯ ಚಿಪ್‌ನ ಎಂಟು ಲೋಹದ ಕಾಲುಗಳು ಯಾವುದಕ್ಕೂ ಸೇರದೆ ಸುಮ್ಮನೆ ನಿಂತಿದ್ದವು. ಕಾರಿನೊಳಗಿನ ಚಿಪ್‌ನಲ್ಲಿಯೂ ಹಾಗೆಯೇ. ಅವರನ್ನೇ ಕೇಳಲು ಹೋದಳು. ನಾನು ಅಲ್ಲಿಯೇ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ.

‘ಸರ್, ಈ ಎಂಟು ಕಾಲು ಯಾಕ ಖಾಲಿ ಅದಾವ್ರಿ?’

‘ಹಂಗ ಇರ್ತಾವ.’

ತಾನು ಓದಿ ತಿಳಿದಿದ್ದನ್ನು ಅವಳು ವಿವರಿಸಿದಳು. ಆ ಕಾಲುಗಳಲ್ಲಿ ಕೆಲವನ್ನು ಕಟ್ಟಿ ಕೆಲವನ್ನು ಬಿಟ್ಟರೆ ಅದು ಗುರುತಾಗುತ್ತದೆ. ರಿಮೋಟು ಮೊದಲು ಆ ಗುರುತನ್ನು ಹೇಳಿ ಆಮೇಲೆ ಆಜ್ಞೆ ಕೊಡುತ್ತದೆ. ಗುರುತು ತನ್ನದೇ ಆಗಿದ್ದರೆ ಮಾತ್ರ ಕಾರು ಕೇಳುತ್ತದೆ. ಎಲ್ಲರೂ ಖಾಲಿ ಬಿಟ್ಟರೆ ಎಲ್ಲರ ಗುರುತೂ ಒಂದೇ. ‘ಕುರಿಗಾರರೆಲ್ಲಾ ಒಂದ ನಮೂನಿ ಕೂಗಿದ್ರ ಯಾರ ಕುರಿ ಯಾರ ಕಡೆ ಹೋಗಬೇಕ್ರಿ?’ ಎಂದಳು.

‘ಇಲ್ಲಿ ಇನ್ನೊಬ್ಬ ಕುರಿಗಾರ ಎಲ್ಲಿ ಅದಾನ ತಂಗಿ? ಅದು ಬ್ಯಾಡ. ನಡೀತೈತಿ.’

ಇನ್ನೂ ಮೂವರು ಕುರಿಗಾರರಿರುವುದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೂ ಆ ಪ್ರಶ್ನೆಯ ಅರ್ಥ ಅವರಿಗೆ ಆಗಲಿಲ್ಲ. ರೇಣುಕಾ ಹಿಂತಿರುಗಿ ಬಂದು, ರಿಮೋಟಿನಲ್ಲಿಯೂ ಕಾರಿನಲ್ಲಿಯೂ ಒಂದೇ ಕ್ರಮದಲ್ಲಿ ಕೆಲವು ಕಾಲುಗಳಿಗೆ ತಂತಿ ಕಟ್ಟಿದಳು. ಅವರು ಹೊಸ ಪೆಟ್ಟಿಗೆಯನ್ನು ಕಂಡು ಹುಬ್ಬು ಗಂಟಿಕ್ಕಿ, ಒಳಗೆ ಕೈ ಹಾಕಿದ್ದಕ್ಕೆ ಬೈದು, ಕಾರು ಅಂಗಳ ದಾಟಿ ಓಡುವುದನ್ನು ನೋಡಿ, ಹೊಸದಾಗಿ ಟೇಪು ಸುತ್ತಿ ವಿಭೂತಿ ಹಚ್ಚಿದರು.

ತಾಲ್ಲೂಕು ಮಟ್ಟದಲ್ಲಿ ನಾವು ಗೆದ್ದೆವು. ಉಳಿದ ಮೂರು ತಾಲ್ಲೂಕುಗಳಲ್ಲಿ ಅವರ ಹಳೆಯ ಶಾಲೆಗಳೂ ಗೆದ್ದವು. ಇತರ ಮಾದರಿಗಳು ನಿಂತಲ್ಲೇ ನಿಂತಿರುವಾಗ ಓಡುವ ವಸ್ತುವಿಗೆ ಬಹುಮಾನ ಬರುವುದು ಸಹಜ. ಪ್ರತಿಯೊಂದು ಕಾರೂ ತನ್ನ ತಾಲ್ಲೂಕಿನಲ್ಲಿ ಒಂಟಿಯಾಗಿತ್ತು. ಆದುದರಿಂದ ಯಾವ ತೊಂದರೆಯೂ ಕಾಣಲಿಲ್ಲ. ನಾಲ್ಕೂ ಒಂದೇ ಕಡೆ ಸೇರಿದ್ದು ವಿಜಯಪುರದಲ್ಲಿ, ಜಿಲ್ಲಾ ಮಟ್ಟದಲ್ಲಿ. ಹುಡುಗಿ ಹೊರಟಿದ್ದರಿಂದ ಜೊತೆಗೆ ಶಿಕ್ಷಕಿಯೊಬ್ಬರು ಇರಬೇಕೆಂದು ನನ್ನನ್ನು ಕಳಿಸಿದ್ದರು. ಮಾರ್ಗದರ್ಶಿ ಶಿಕ್ಷಕರಾಗಿ ಅವರು ಇದ್ದೇ ಇದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ.

ನಾಲ್ಕು ಕಾರುಗಳ ಮೇಜುಗಳನ್ನು ಒಂದೇ ಸಾಲಿನಲ್ಲಿ ಹಾಕಿದ್ದನ್ನು ಕಂಡಾಗ ಅವರ ಮುಖ ತುಸು ಬಾಡಿತು. ಚಹಾ ಕುಡಿದು ಬರುವೆನೆಂದು ಕಂಬದ ಹಿಂದೆ ಸರಿದರು. ತೀರ್ಪುಗಾರರು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವವರು, ವಯಸ್ಸಾದವರು. ತೀರ್ಪುಗಾರರು ಸಿಂದಗಿಯ ಹುಡುಗನ ಮುಂದೆ ನಿಂತು, ನಡೆಸಿ ತೋರಿಸು ಎಂದರು. ಹುಡುಗ ಗುಂಡಿ ಒತ್ತಿದ. ಸಿಂದಗಿಯ ಕಾರು ಹೊರಟಿತು. ಪಕ್ಕದ ಮೇಜಿನ ಮೇಲಿದ್ದ ಮುದ್ದೇಬಿಹಾಳದ ಕಾರೂ ಹೊರಟು, ಅಂಚು ದಾಟಿ ನೆಲಕ್ಕೆ ಬಿತ್ತು. ಬಸವನ ಬಾಗೇವಾಡಿಯ ಕಾರು ನೇರವಾಗಿ ಹೋಗಿ, ಇನ್ನೊಂದು ಶಾಲೆಯವರು ಮಣ್ಣಿನಿಂದ ಮಾಡಿದ್ದ ಜ್ವಾಲಾಮುಖಿಗೆ ಗುದ್ದಿತು. ಸಭಾಂಗಣವೆಲ್ಲ ನಕ್ಕಿತು. ಗಾಬರಿಯಾದ ಬಾಗೇವಾಡಿಯ ಹುಡುಗ ತನ್ನ ಕಾರನ್ನು ಹಿಂದಕ್ಕೆ ಕರೆಯಲು ತನ್ನ ಗುಂಡಿ ಒತ್ತಿದ. ನೆಲಕ್ಕೆ ಬಿದ್ದದ್ದೂ ಸೇರಿ ಮೂರೂ ಹಿಂದಕ್ಕೆ ಚಕ್ರ ತಿರುಗಿಸಿದವು.

ಇವನ್ನು ಯಾರು ಮಾಡಿದರು ಎಂದು ತೀರ್ಪುಗಾರರು ಕೇಳಿದರು. ಮೂರೂ ಶಾಲೆಯ ಮಕ್ಕಳು, ಒಂದಕ್ಷರವೂ ವ್ಯತ್ಯಾಸವಿಲ್ಲದೆ, ಬಾಯಿಪಾಠ ಮಾಡಿದ ವಾಕ್ಯವನ್ನು ಒಪ್ಪಿಸಿದರು. ಆಮೇಲೆ ಒಬ್ಬರ ಕಡೆಗೊಬ್ಬರು ತಿರುಗಿ, ನಮ್ಮದನ್ನು ನೋಡಿ ಮಾಡಿದ್ದೀರಿ ಎಂದು ಜಗಳಕ್ಕೆ ನಿಂತರು. ತೀರ್ಪುಗಾರರು ಮೂರೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ‘ಮೂರಕ್ಕೂ ಒಂದ ಕೈ ವಿಭೂತಿ ಹಚ್ಚೇತಲ್ಲ,’ ಅಂದರು.

ಸಿಂದಗಿಯ ಶಿಕ್ಷಕರಿಗೆ ಕಂಬದ ಹಿಂದಿನ ಬಿಳಿ ಅಂಗಿ ಕಂಡಿತು. ನಮ್ಮ ಹಳೆಯ ಸರ್ ಇಲ್ಲೇ ಇದ್ದಾರೆ, ಅವರನ್ನೇ ಕೇಳಿರಿ ಎಂದು ನಿಷ್ಕಪಟವಾಗಿ ಕೈ ತೋರಿಸಿದರು. ಅವರು ಚಹಾದ ಕಪ್ಪನ್ನು ಕೆಳಗಿಟ್ಟು ಬಂದರು. ಅಂದು ಅವರ ವಾಕ್ಯಗಳೆಲ್ಲ ಪೂರ್ಣವಾಗಿದ್ದವು.

‘ನಾ ಬರೇ ಕಲ್ಪನಾ ಕೊಟ್ಟೇನ್ರಿ. ಹುಡುಗ್ರು ಒಬ್ಬರದ ನೋಡಿ ಒಬ್ಬರು ಕಾಪಿ ಹೊಡದಾರ.’

ಮುದ್ದೇಬಿಹಾಳದ ಹುಡುಗ ತನ್ನ ಮುರಿದ ಕಾರನ್ನು ಎದೆಗೆ ಹಿಡಿದುಕೊಂಡು ಅವರನ್ನು ನೋಡುತ್ತಿದ್ದ. ಹಾಗೆ ಹೇಳಲು ಕಲಿಸಿದ್ದು ಇವರೇ ಎಂದು ಹೇಳಲು ಅವನು ಬಾಯಿ ತೆರೆದ. ಅವನ ಶಿಕ್ಷಕರು ಅವನ ಭುಜ ಹಿಡಿದು ಹಿಂದಕ್ಕೆ ಎಳೆದುಕೊಂಡರು.

ನಮ್ಮ ಕಾರು ಈ ಗದ್ದಲದಲ್ಲೆಲ್ಲ ಕದಲದೆ ನಿಂತಿತ್ತು. ಇದೇಕೆ ನಡೆಯುವುದಿಲ್ಲ ಎಂದು ತೀರ್ಪುಗಾರರು ಕೇಳಿದರು. ಉತ್ತರ ಕೊಡಲು ರೇಣುಕಾ ಬಾಯಿ ತೆರೆಯುವ ಮೊದಲೇ ಅವರು ಮುಂದೆ ಬಂದರು.

‘ಈ ಹುಡುಗಿ ಒಳಗ ಕೈ ಹಾಕಿ ಕೆಡಿಸ್ಯಾಳ್ರಿ. ನಾ ಬ್ಯಾಡ ಅಂದಿದ್ದೆ.’

ರೇಣುಕಾ ಅವರ ಕಡೆಗೆ ನೋಡಲಿಲ್ಲ. ಉಳಿದವರು ತಮ್ಮ ರಿಮೋಟುಗಳನ್ನು ಕೆಳಗಿಡಬೇಕು, ಒಮ್ಮೆಗೆ ಒಂದೇ ರಿಮೋಟು ಮಾತಾಡಬೇಕು ಎಂದು ತೀರ್ಪುಗಾರರನ್ನು ಕೇಳಿಕೊಂಡಳು. ಎಲ್ಲರೂ ಕೆಳಗಿಟ್ಟರು. ಅವಳು ಬಲಗೈಯ ಸನ್ನೆಕೋಲನ್ನು ಒತ್ತಿದಳು. ನಮ್ಮ ಕಾರು ಒಂದೇ ಹೊರಟು, ಮೇಜಿನ ಅಂಚಿನವರೆಗೆ ಹೋಗಿ, ತಿರುಗಿ, ಅವಳ ಮುಂದೆ ಬಂದು ನಿಂತಿತು. ಉಳಿದ ಮೂರೂ ಕದಲಲಿಲ್ಲ.

ತೀರ್ಪುಗಾರರ ಮುಖದಲ್ಲಿ ಬೆಳಕು ಬಂತು. ಗುರುತಿನ ಕಾಲುಗಳನ್ನು ಕಟ್ಟಿದ್ದೀರಿ, ಯಾರು ಕಟ್ಟಿದ್ದು ಎಂದರು.

‘ನಾನ ಹೇಳಿಕೊಟ್ಟೇನ್ರಿ ಆಕೀಗಿ,’ ಅಂದರು ಅವರು.

ಕೆಡಿಸಿದ್ದು ಅವಳು ಎಂದ ನಾಲಿಗೆ ಇನ್ನೂ ಒಣಗಿರಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟೆ. ನನ್ನ ಬಳಿ ವಾಕ್ಯಗಳು ಸಿದ್ಧವಾಗಿದ್ದವು. ರೇಣುಕಾ ನನ್ನ ಮುಂಗೈ ಹಿಡಿದಳು. ‘ಬ್ಯಾಡ್ರಿ ಅಕ್ಕೋರ, ಇಲ್ಲಿ ಬ್ಯಾಡ,’ ಎಂದು ಮೆಲ್ಲಗೆ ಹೇಳಿದಳು. ಆ ಮಾತು ಅವಳದು, ಅದನ್ನು ಆಡುವ ಜಾಗವನ್ನು ಆರಿಸುವ ಹಕ್ಕೂ ಅವಳದೇ. ನಾನು ನಿಂತೆ.

ನಮಗೆ ಬಹುಮಾನ ಬಂತು. ಮಾರ್ಗದರ್ಶಿ ಶಿಕ್ಷಕರಿಗೆ ಶಾಲು ಹೊದಿಸಿದರು. ಉಳಿದ ಮೂರು ಶಾಲೆಗಳ ಮಕ್ಕಳನ್ನು ನಕಲು ಮಾಡಿದವರೆಂದು ಸ್ಪರ್ಧೆಯಿಂದ ತೆಗೆದುಹಾಕಿದರು. ಅದನ್ನು ಧ್ವನಿವರ್ಧಕದಲ್ಲಿ, ಊರುಗಳ ಹೆಸರು ಹಿಡಿದು ಹೇಳಿದರು. ಅವರು ಆಗ ಶಾಲಿನ ಅಂಚನ್ನು ಸರಿಪಡಿಸಿಕೊಳ್ಳುತ್ತಿದ್ದರು.

ಹಿಂತಿರುಗುವ ಬಸ್ಸಿನಲ್ಲಿ ಅವರು ಪಾರಿತೋಷಕವನ್ನು ತೊಡೆಯ ಮೇಲೆ ಇಟ್ಟುಕೊಂಡು ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದರು. ಇಂಡಿ ಇನ್ನೂ ದೂರವಿರುವಾಗ ಹಿಂದಕ್ಕೆ ತಿರುಗಿದರು. ನಾಳೆ ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ತಮಗೆ ಮಾತಾಡಲು ಹೇಳಿದ್ದಾರಂತೆ; ಆ ಎಂಟು ಕಾಲಿನ ವಿಚಾರವನ್ನು ಸ್ವಲ್ಪ ತಿಳಿಸಿ ಹೇಳು ಎಂದು ರೇಣುಕಾಳನ್ನು ಕೇಳಿದರು. ನಾಚಿಕೆಯ ಲಕ್ಷಣವೇ ಇಲ್ಲ. ಬೀಡಿಗೆ ಬೆಂಕಿ ಕೇಳುವವನಿಗೂ ಇದಕ್ಕಿಂತ ಹೆಚ್ಚು ಸಂಕೋಚವಿರುತ್ತದೆ.

ಅವಳು ಹೇಳಿದಳು. ತಾಳ್ಮೆಯಿಂದ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವರು ತಲೆಯಾಡಿಸುತ್ತ ಕೇಳಿ, ತಿಳೀತು ತಿಳೀತು ಎಂದರು.

‘ಹಂಗಾರ ಒಮ್ಮಿ ತಿರಗಿ ಹೇಳ್ರಿ ಸರ್.’

ಅವರ ಕೈ ಪಾರಿತೋಷಕದಿಂದ ಮೇಲೆದ್ದಿತು. ‘ಅದೇನೈತಲ್ಲ, ಎಂಟು ಕಾಲು ಏನದಾವ, ಹಿಂಗ ಬಂದು…’ ಬೆರಳು ಗಾಳಿಯಲ್ಲಿ ಸೊನ್ನೆ ಬರೆಯಿತು. ‘ಆತಲ್ಲ?’

‘ಇಲ್ರಿ,’ ಅಂದಳು ರೇಣುಕಾ.

ಆ ಪ್ರಶ್ನೆಗೆ ಆ ಉತ್ತರ ಬಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಅವರೂ ಮೊದಲ ಸಲ ಕೇಳಿರಬೇಕು. ಹೊರಗಿನ ತೊಗರಿ ಹೊಲಗಳ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಉಪಾಯ ಹೊಳೆಯಿತು. ನಾಳೆ ನೀನೇ ಹೇಳಿಬಿಡು, ಸರ್ ಕಲಿಸಿದರೆಂದು ಮೊದಲು ಹೇಳು, ಮುಂದಿನದೆಲ್ಲ ನಿನ್ನದು ಎಂದರು.

ರೇಣುಕಾ ಸೀಟಿನ ಕಂಬಿಯನ್ನು ಹಿಡಿದುಕೊಂಡು ನೆಟ್ಟಗೆ ಕೂತಳು. ‘ಪರ ಊರಾಗ ನಮ್ಮ ಸಾಲಿ ಮಾನ ಹೋಗಬಾರದಂತ ಸುಮ್ಮನಿದ್ನಿರಿ ಸರ್. ನಮ್ಮ ಸಾಲ್ಯಾಗ ಸುಮ್ಮನಿರಂಗಿಲ್ಲ.’

ಅವರು ನಕ್ಕರು. ಹುಡುಗಿ ಭಾಳ ಶಾಣ್ಯಾ ಆಗೇತಿ ನೋಡ್ರಿ ಎಂದು ನನಗೆ ಹೇಳಿ, ಮುಂದಕ್ಕೆ ತಿರುಗಿ, ಪಾರಿತೋಷಕವನ್ನು ತಬ್ಬಿಕೊಂಡು ನಿದ್ದೆಹೋದರು. ಎದುರಿಗೆ ಹೇಳಿದ ಮಾತನ್ನೂ ನಂಬದೆ ಬಿಡುವಷ್ಟು ಅವರಿಗೆ ತಮ್ಮ ಅದೃಷ್ಟದ ಮೇಲೆ ವಿಶ್ವಾಸವಿತ್ತು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಅವರಿಗೆ ಇನ್ನೊಂದು ಶಾಲು ಹೊದಿಸಿದರು. ಸಾಲಾಗಿ ನಿಂತ ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ಒಂದೆರಡು ಅರ್ಧ ವಾಕ್ಯಗಳನ್ನಾಡಿ, ತಾವು ಕಲಿಸಿದ್ದನ್ನು ಈಗ ತಮ್ಮ ಶಿಷ್ಯೆಯೇ ವಿವರಿಸುವಳೆಂದು ಕೈ ಚಾಚಿ ಅವಳನ್ನು ಕರೆದರು. ರೇಣುಕಾ ಕಟ್ಟೆ ಹತ್ತಿದಳು. ಮನೆಯ ಮಾತನ್ನು ಬಿಟ್ಟು ಪುಸ್ತಕದ ಕನ್ನಡದಲ್ಲಿ, ಪ್ರತಿ ವಾಕ್ಯದ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುತ್ತ ಹೇಳಿದಳು.

‘ಈ ರಿಮೋಟಿನ ಒಳಭಾಗಗಳನ್ನು ಸರ್ ಸೊಲ್ಲಾಪುರದಿಂದ ತಂದು ಜೋಡಿಸಿದರು. ಪೆಟ್ಟಿಗೆ, ಸನ್ನೆಕೋಲು, ತಂತಿ ಮತ್ತು ಗುರುತನ್ನು ನಾನು ಮಾಡಿದೆನು. ಗುರುತಿನ ವಿಷಯವನ್ನು ನನಗೆ ಯಾರೂ ಕಲಿಸಲಿಲ್ಲ. ನಾನು ಕೇಳಿದಾಗ ಸರ್ ಬೇಡ ಎಂದರು.’

ಅವರು ನಕ್ಕರು. ತಮಾಷಿ ಮಾಡತಾಳ ಎಂದು ಮುಖ್ಯೋಪಾಧ್ಯಾಯರ ಕಡೆಗೆ ಬಾಗಿದರು. ಮುಖ್ಯೋಪಾಧ್ಯಾಯರು ನಗಲಿಲ್ಲ. ಶಿಕ್ಷಕರ ಸಾಲಿನಲ್ಲಿ ಯಾರಾದರೂ ನಗುವರೇ ಎಂದು ಶಾಲು ಹೊದ್ದವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಫ್ಯಾನಿನ ಮಾತಿಗೆ ನಕ್ಕವರೂ ನೆಲ ನೋಡುತ್ತಿದ್ದರು. ಆಗ ಅವರ ಕಣ್ಣು ವರಾಂಡದ ಮೂಲೆಯಲ್ಲಿ ಗಂಟೆಯ ಬಳಿ ನಿಂತಿದ್ದ ಶಾಲೆಯ ಸಿಪಾಯಿಯ ಮೇಲೆ ಬಿತ್ತು. ಬಾರಿಸು ಎಂದು ಸನ್ನೆ ಮಾಡಿದರು. ಸಿಪಾಯಿ ಕಬ್ಬಿಣದ ಸರಳನ್ನು ಕೈಗೆತ್ತಿಕೊಂಡ.

‘ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರು ಯಾರದನ್ನೂ ನೋಡಿ ಮಾಡಿಲ್ಲ,’ ಎಂದು ರೇಣುಕಾ ಮುಂದುವರಿಸಿದಳು. ‘ಮೂರೂ ಕಾರುಗಳು ಅವರಿಗೆ ಒಂದೇ ಕೈಯಿಂದ ಹೋಗಿದ್ದವು. ಅವರನ್ನು ನಕಲು ಮಾಡಿದವರೆಂದು ಮೈಕಿನಲ್ಲಿ ಹೇಳಿದ್ದು ತಪ್ಪು. ಅದನ್ನು ನಮ್ಮ ಶಾಲೆಯವರು ಬರೆದು ತಿಳಿಸಬೇಕು.’

ಅವರು ಇನ್ನೊಮ್ಮೆ ಸನ್ನೆ ಮಾಡಿದರು, ಈ ಸಲ ಇಡೀ ತೋಳು ಬೀಸಿ. ಶಾಲು ಜಾರಿ ಕೆಳಗೆ ಬಿತ್ತು. ಸಿಪಾಯಿ ಅವರನ್ನು ನೋಡಿದ. ಕಟ್ಟೆಯ ಮೇಲಿದ್ದ ಹುಡುಗಿಯನ್ನು ನೋಡಿದ. ಸರಳನ್ನು ಹೆಗಲ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿದ.

ಅವಳು ಎಂಟು ಕಾಲುಗಳ ವಿಚಾರವನ್ನು, ಅವುಗಳಲ್ಲಿ ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು, ಏಕೆ ಎಂಬುದನ್ನು, ಎಂಟನೆಯ ತರಗತಿಯ ಮಕ್ಕಳಿಗೂ ತಿಳಿಯುವಂತೆ ವಿವರಿಸಿದಳು. ಸೊನ್ನೆ ಬರೆಯಲಿಲ್ಲ. ನನ್ನ ಮಾತು ಮುಗಿಯಿತು ಎಂದು ಕೈ ಮುಗಿದು, ಕಟ್ಟೆ ಇಳಿದು, ತನ್ನ ಸಾಲಿನಲ್ಲಿ ಹೋಗಿ ನಿಂತಳು.

ಆಮೇಲೆ ಸಿಪಾಯಿ ಗಂಟೆ ಬಾರಿಸಿದ.